ಮೊದಲು ಮಾತನಾಡಿಸಬೇಕಾದವರು

ಗೌರವ ಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಸಂಜೆ ಹತ್ತಿರ ಬಂತೆಂದರೆ ಆ ಇಟ್ಟಿಗೆ ಕಟ್ಟಡದಲ್ಲಿ ಜಗಳ ಶುರುವಾಯಿತೆಂದೇ ತಿಳಿಯಬೇಕು. ಸಮಾಜಕಾರ್ಯ ಓದುವವರ ಸಂಘಕ್ಕೂ ಅಪರಾಧ ಮತ್ತು ನ್ಯಾಯ ಓದುವವರ ಸಂಘಕ್ಕೂ ಸೇರಿಸಿ ವಿಶ್ವವಿದ್ಯಾಲಯ ಕೊಟ್ಟಿದ್ದು ಒಂದೇ ಕೋಣೆ. ಒಂದು ಗೋಡೆಗೆ ಸಮಾಜಕಾರ್ಯದವರು ಚಳಿಗಾಲದಲ್ಲಿ ಬಡವರಿಗೆ ಹಂಚಲೆಂದು ಊರೆಲ್ಲ ತಿರುಗಿ ಕೂಡಿಹಾಕಿದ ಹಳೆಯ ಕೋಟುಗಳ ಮೂಟೆ. ಎದುರು ಗೋಡೆಗೆ ನ್ಯಾಯ ಓದುವವರು ಅಣಕು ನ್ಯಾಯಾಲಯ ನಡೆಸಲು ಮಾಡಿಸಿಕೊಂಡ ಮರದ ಕಟಕಟೆ. ನಡುವೆ ಇರುವ ಮೇಜು ಯಾರದೆಂಬುದು ಇನ್ನೂ ತೀರ್ಮಾನವಾಗದ ವ್ಯಾಜ್ಯ. ಇವರನ್ನು ಅವರು ‘ಕಣ್ಣೊರೆಸುವ ಕಂಪನಿ’ ಎಂದರೆ ಅವರನ್ನು ಇವರು ‘ಬೇಡಿ ಬಳಗ’ ಎನ್ನುತ್ತಿದ್ದರು. ಹೀಗೆ ಅಂದುಕೊಂಡೇ ಒಬ್ಬರ ತಟ್ಟೆಯ ಹುರಿದ ಮೀನನ್ನು ಇನ್ನೊಬ್ಬರು ಎತ್ತಿ ತಿನ್ನುತ್ತಿದ್ದರು.

ವರ್ಷಕ್ಕೊಂದು ಸಂಜೆ ಮಾತ್ರ ಎರಡೂ ಕಡೆಯವರು ಒಂದೇ ವೇದಿಕೆ ಹತ್ತುತ್ತಿದ್ದರು. ಸಂಘಕ್ಕೆ ಯಾರು ಬೇಕಾದರೂ ಸೇರಬಹುದು. ಗೌರವ ಸಂಘಕ್ಕೆ ಚೆನ್ನಾಗಿ ಓದಿ, ಅಧ್ಯಾಪಕರ ಒಪ್ಪಿಗೆ ಪಡೆದವರೇ ಆಗಬೇಕು. ಹಾಗೆ ಆಯ್ಕೆಯಾದವರು ಮೇಣದ ಬತ್ತಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅವರನ್ನು ಬದುಕಿನಲ್ಲಿ ಅಲ್ಲಿಯವರೆಗೆ ಕೈ ಹಿಡಿದು ನಡೆಸಿದ ಯಾರಾದರೊಬ್ಬರು ಬಂದು ಬತ್ತಿ ಹೊತ್ತಿಸಿ, ಕೊರಳಿಗೆ ಬಣ್ಣದ ಹುರಿ ಹಾಕುತ್ತಾರೆ. ಅವರಿಗೆ ಅಲ್ಲಿ ‘ಬೆಳಕು ಕೊಡುವವರು’ ಎಂದೇ ಹೆಸರು. ಬತ್ತಿ ಹೊತ್ತಿದ ಮೇಲೆ, ಇವರು ನನಗೇನು ಮಾಡಿದರು ಎಂಬುದನ್ನು ಹೊಸಬರು ಸಭೆಗೆ ಒಂದು ಮಾತಿನಲ್ಲಿ ಹೇಳಬೇಕು. ಆ ಒಂದು ಮಾತು ಕೇಳುವುದಕ್ಕೆಂದೇ ಊರಿನ ಅಜ್ಜಿಯರು ಕರವಸ್ತ್ರ ಮಡಚಿಟ್ಟುಕೊಂಡು ಬಂದು ಮುಂದಿನ ಸಾಲು ಹಿಡಿಯುತ್ತಿದ್ದರು.

ಬೆಳಕು ಕೊಡುವವರಿಗೆ ಕರೆ ಸಂಘದಿಂದಲೇ ಹೋಗಬೇಕೆಂಬುದು ರೂಢಿ. ಆ ವರ್ಷ ಫೋನ್ ಮಾಡುವ ಸರದಿ ಬೇಡಿ ಬಳಗದ ಅಧ್ಯಕ್ಷ ಡೇರಿಯಸ್‌ನದು. ಮುಂದೆ ಪತ್ತೇದಾರನಾಗಬೇಕೆಂದಿದ್ದ ಹುಡುಗ. ನೀರು ಕೇಳಿದರೂ ವಿಚಾರಣೆಯ ಧಾಟಿಯಲ್ಲೇ ಕೇಳುತ್ತಿದ್ದ.

“ಮಿಸ್ ಲುವೀನಿಯಾ, ನೀವೊಬ್ರೇ ಬಾಕಿ,” ಎಂದ. “ನಿಮಗೆ ಬೆಳಕು ಕೊಡೋರು ನಿಮ್ಮ ಚರ್ಚಿನ ಪಾದ್ರಿಗಳು ತಾನೇ?”

ಲುವೀನಿಯಾ ಪೆಟಿಗ್ರೂ ಕೋಟುಗಳ ಗುಂಡಿ ಹೊಲಿಯುತ್ತ ಕೂತಿದ್ದಳು. ಐವತ್ತು ದಾಟಿದ ಹೆಂಗಸು. ತನ್ನ ಮಕ್ಕಳಿಗಿಂತ ಚಿಕ್ಕವರ ಜೊತೆ ಕೂತು ಸಮಾಜಕಾರ್ಯ ಓದಿ, ಅವರೆಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು.

“ಅಲ್ಲಪ್ಪ. ರಾಸ್ಕೋ ಗೇದರ್ ಅಂತ. ಹಳೇ ಹತ್ತಿ ಗಿರಣಿ ಹಿಂದೆ ಮನೆ.”

“ನಿಮ್ಮ ಕಡೆಯೋರಾ?”

“ಅಲ್ಲ.”

“ಮತ್ತೆ ಹೇಗೆ ಪರಿಚಯ?”

“ನೀನೀಗ ಫೋನ್ ಮಾಡ್ತೀಯೋ, ಇಲ್ಲ ನನ್ನನ್ನ ಆ ಕಟಕಟೆ ಹತ್ತಿಸ್ತೀಯೋ?”

ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಆದರೆ ಹೊಲಿದು ಮುಗಿಸಿದ ಗುಂಡಿಯನ್ನೇ ಮತ್ತೆ ಹೊಲಿಯತೊಡಗಿದಳು. ಅದನ್ನು ನೋಡಿದವಳು ಸಮಾಜಕಾರ್ಯ ಸಂಘದ ಅಧ್ಯಕ್ಷೆ ಜರಿಯಾ ಒಬ್ಬಳೇ.

ಹೇಗೆ ಪರಿಚಯವೆಂದು ಲುವೀನಿಯಾ ಹೇಳುವುದಾದರೂ ಹೇಗೆ? ಗಂಡ ಮರದ ಮಿಲ್ಲಿನಲ್ಲಿ ತೀರಿಹೋದ ಮೇಲೆ ನಿದ್ದೆಗೆಂದು ಶುರುವಾದ ಮಾತ್ರೆ ಅವಳ ಹಗಲುಗಳನ್ನೂ ನುಂಗಿತ್ತು. ಒಂದು ಬೆಳಿಗ್ಗೆ ಮಗಳು ರೆನೆಟಾಳ ತಲೆ ಬಾಚುತ್ತ ಕೂತಿದ್ದು ನೆನಪಿದೆ. ಆಮೇಲೆ ಏನೂ ನೆನಪಿಲ್ಲ. ಕಣ್ಣು ಬಿಟ್ಟಾಗ ಒಲೆಯ ಮೇಲಿನ ಪಾತ್ರೆ ಕರಕಲಾಗಿ, ಮನೆ ತುಂಬ ಹೊಗೆ. ಬಾಗಿಲಲ್ಲಿ ಟೋಪಿಯನ್ನು ಎದೆಗೆ ಒತ್ತಿ ಹಿಡಿದ ಎತ್ತರದ ಗಂಡಸು. ಮಕ್ಕಳ ರಕ್ಷಣೆಯ ಸರ್ಕಾರಿ ಇಲಾಖೆಯವನು. ರೆನೆಟಾಳನ್ನೂ ಅವಳ ತಮ್ಮನನ್ನೂ ಅವನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದ. ಅವಳ ಶಾಪ, ಎಸೆದ ಚಪ್ಪಲಿ, ಎರಡೂ ಆ ಕಾರಿನ ಹಿಂದೆ ಹೋಗಿ ಧೂಳಿನಲ್ಲಿ ಬಿದ್ದವು.

ಮಕ್ಕಳನ್ನು ಕರೆದುಕೊಂಡು ಹೋದವನು ಮತ್ತೆ ಬರುವುದಿಲ್ಲ ಎಂದುಕೊಂಡಿದ್ದಳು. ಅವನು ವಾರ ವಾರವೂ ಬಂದ. ಮೆಟ್ಟಿಲ ಮೇಲೆ ಕೂತು ಅವಳ ಬೈಗುಳ ಮುಗಿಯುವವರೆಗೆ ಕಾಯುತ್ತಿದ್ದ. ಬೈಗುಳ ಮುಗಿದ ಮೇಲೆ ಚಟ ಬಿಡುವವರು ಸೇರುವ ಚರ್ಚಿನ ನೆಲಮಾಳಿಗೆಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ಮನೆಗೆ ಮರಳಿದ ದಿನ ಗೇಟಿನ ಹೊರಗೇ ನಿಂತು, “ನಾನು ಮತ್ತೆ ಈ ಬಾಗಿಲಿಗೆ ಬರೋ ಹಾಗಾಗದೆ ಇರ್ಲಿ, ಮಿಸ್ ಲುವೀನಿಯಾ. ಅದೇ ನನ್ನ ಪ್ರಾರ್ಥನೆ,” ಎಂದಿದ್ದ.

ದೇವರು ಆ ಪ್ರಾರ್ಥನೆಯನ್ನು ಕೇಳಿಸಿಕೊಂಡ. ಆದರೆ ಲುವೀನಿಯಾಳ ಮನಸ್ಸಿಗೆ ಒಂದು ಮುಳ್ಳು ಚುಚ್ಚಿಕೊಂಡದ್ದು ಆಮೇಲೆ. ಮಕ್ಕಳು ಬಂದ ಹೊಸತರಲ್ಲಿ ಒಂದು ದಿನ ದಿನಸಿ ಅಂಗಡಿಯಲ್ಲಿ ಅವನನ್ನು ಕಂಡಳು. ತವರಿನವರನ್ನು ಕಂಡಷ್ಟು ಸಂತೋಷವಾಗಿ ಹೆಜ್ಜೆ ಎತ್ತಿಟ್ಟಳು. ಅವನು ಅವಳನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು. ಮರುಕ್ಷಣವೇ ಅವನು ಪಕ್ಕದ ಹಲಗೆಗೆ ತಿರುಗಿ, ಪೀಚ್ ಹಣ್ಣಿನ ಡಬ್ಬಿಯೊಂದನ್ನು ಎತ್ತಿ, ಅದರ ಮೇಲಿನ ಬರಹವನ್ನು ಧರ್ಮಗ್ರಂಥ ಓದುವವನಂತೆ ಓದತೊಡಗಿದ. ಅವಳು ಎತ್ತಿದ ಹೆಜ್ಜೆ ಅಲ್ಲೇ ನಿಂತಿತು.

ಊರು ಚಿಕ್ಕದು. ಮತ್ತೆ ಮತ್ತೆ ಸಿಕ್ಕರು. ಸಾವಿನ ಮನೆಯಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಅದೇ ಅಂಗಡಿಯ ಅದೇ ಸಾಲಿನಲ್ಲಿ. ಒಂದು ಸಲವೂ ಅವನಾಗಿ ತುಟಿ ಬಿಚ್ಚಲಿಲ್ಲ. ಅವರ ಕಣ್ಣಿಗೆ ನಾನು ಇನ್ನೂ ಆ ಹೊಗೆ ಮನೆಯ ತಾಯಿಯೇ ಎಂದು ಅವಳು ತಿಳಿದಳು. ತಿಳಿದು ತಾನೂ ತಲೆ ತಗ್ಗಿಸಿ ಹೋಗುವುದನ್ನು ಕಲಿತಳು.

ಆದರೂ ಬೆಳಕು ಕೊಡುವವರು ಯಾರೆಂದು ಯೋಚಿಸಿದಾಗ ಮನಸ್ಸಿಗೆ ಬಂದಿದ್ದು ಆ ಹೆಸರೇ. ಉಪಕಾರ ಮಾಡಿದವರು ಮುಖ ತಿರುಗಿಸಿದ ಮಾತ್ರಕ್ಕೆ ಉಪಕಾರ ಸುಳ್ಳಾಗುತ್ತದೆಯೇ? ಬಾವಿ ತೋಡಿದವನು ಮಾತು ಬಿಟ್ಟನೆಂದು ನೀರು ಕಹಿಯಾಗುವುದಿಲ್ಲವಲ್ಲ. ಈ ಮಾತನ್ನು ದೇವರ ಮುಂದಿಟ್ಟು, ಮೊಣಕಾಲೂರಿ ಕೇಳಿ, ಆಮೇಲೆಯೇ ಅವಳು ಆ ಹೆಸರು ಹೇಳಿದ್ದು.

ಎರಡು ದಿನ ಕಳೆದು ಡೇರಿಯಸ್ ಬಂದ. ಅವನ ಮುಖದಲ್ಲಿ ವಿಚಾರಣೆಯ ಕಳೆ ಇರಲಿಲ್ಲ.

“ಮಿಸ್ ಲುವೀನಿಯಾ... ಬೇಜಾರ್ ಮಾಡ್ಕೋಬೇಡಿ. ಅವರಿಗೆ ಫೋನ್ ಮಾಡ್ದೆ. ನಿಮ್ಮ ಹೆಸರು ಹೇಳ್ದೆ. ಅವರಿಗೆ ನೀವು ಗೊತ್ತಿಲ್ವಂತೆ.”

“ಗೊತ್ತಿಲ್ಲ ಅಂದ್ರಾ?”

“ಹೂಂ. ಫೋನ್ ಇಟ್ಟೇಬಿಟ್ರು. ಬೇರೆ ಗೇದರ್ ಇರ್ಬಹುದೇನೋ, ಹುಡುಕ್ಲಾ?”

“ಬೇಡ ಕಂದ,” ಎಂದಳು ಲುವೀನಿಯಾ. “ಇರೋದು ಅವರೊಬ್ರೇ.”

ಮನೆಗೆ ಬಂದು ಮಗಳಿಗೆ ಹೇಳಿದಳು. ರೆನೆಟಾ ಆಸ್ಪತ್ರೆಯ ಕೆಲಸದಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು.

“ನಾನ್ ಹೇಳಿರ್ಲಿಲ್ವಾ ಅಮ್ಮ? ಅವರಿಗೆ ನಾವು ಒಂದು ಫೈಲು, ಅಷ್ಟೇ. ಮುಗೀತು, ಮುಚ್ಚಿಟ್ರು. ಸುಮ್ನೆ ಪಾದ್ರಿಗಳನ್ನ ಕರಿ. ಹಳೇ ಕಥೆನ ಊರ ಮುಂದೆ ಬಿಚ್ಚಿಡೋ ಕರ್ಮ ಯಾಕೆ?”

ಲುವೀನಿಯಾ ಅಡುಗೆಗೆ ತಿರುಗಿದಳು. ಕೊಲಾರ್ಡ್ ಸೊಪ್ಪನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ತೊಳೆದಳು. ಪಾದ್ರಿಗಳನ್ನು ಕರೆದರೆ ತಪ್ಪೇನೂ ಇರಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಅವರ ಕೈಯಿಂದ ಹೊತ್ತಿದ ಬತ್ತಿ ಹಿಡಿದು ಆ ಒಂದು ಮಾತು ಹೇಳುವಾಗ, ಹೇಳಿದ್ದು ಪೂರ್ತಿ ನಿಜವಾಗಿರುವುದಿಲ್ಲ ಎಂಬುದು ಅವಳಿಗೂ ದೇವರಿಗೂ ಗೊತ್ತಿರುತ್ತಿತ್ತು.

ಆ ಶನಿವಾರ ಅವಳು ದಿನಸಿಗೆ ಹೋದಳು. ಓದಿನ ಭಾಗವಾಗಿ ವಾರದಲ್ಲಿ ಕೆಲವು ದಿನ ಅವಳು ತಾಯಂದಿರ ನೆರವಿನ ಕೇಂದ್ರವೊಂದರಲ್ಲಿ ಕೆಲಸ ಕಲಿಯುತ್ತಿದ್ದಳು. ಅಲ್ಲಿಗೆ ಬರುವವರಲ್ಲಿ ಜಲೀಸಾ ಎಂಬ ಎಳೆ ತಾಯಿ ಇವಳನ್ನು ಬಹಳ ಹಚ್ಚಿಕೊಂಡಿದ್ದಳು. ಮೊನ್ನೆ ಮೊನ್ನೆ ಇವಳ ಭುಜಕ್ಕೆ ತಲೆ ಒರಗಿಸಿ ಅತ್ತು ಹಗುರಾಗಿದ್ದಳು. ಅದೇ ಜಲೀಸಾ ಈಗ ಅಂಗಡಿಯ ಸಾಲಿನ ಆ ತುದಿಯಲ್ಲಿ ಕಾಣಿಸಿದಳು. ಗಾಡಿಯಲ್ಲಿ ಮಗು, ಪಕ್ಕದಲ್ಲಿ ಅತ್ತೆಯೋ ಯಾರೋ, ಬಿಗಿದ ಮುಖದ ಹಿರಿಯ ಹೆಂಗಸು.

ಕಣ್ಣು ಕಣ್ಣು ಕೂಡಿದವು. ಜಲೀಸಾಳ ಮುಖ ಅರಳಿತು. ಲುವೀನಿಯಾ ತರಗತಿಯಲ್ಲಿ ಕಲಿತಂತೆ, ಯೋಚಿಸುವುದಕ್ಕೂ ಮೊದಲೇ, ಪಕ್ಕದ ಹಲಗೆಗೆ ತಿರುಗಿದಳು. ಕೈಗೆ ಸಿಕ್ಕ ಡಬ್ಬಿ ಎತ್ತಿ ಮೇಲಿನ ಬರಹ ಓದಿದಳು. ಸಕ್ಕರೆ ಪಾಕದಲ್ಲಿ ಪೀಚ್ ಹೋಳುಗಳು.

ಎದುರಿನ ಶೀತಪೆಟ್ಟಿಗೆಯ ಗಾಜಿನಲ್ಲಿ ಆ ಹುಡುಗಿಯ ಮುಖ ಕಾಣುತ್ತಿತ್ತು. ಅರಳಿದ ಮುಖ ಬಾಡಿತು. ಅವಳು ತಲೆ ತಗ್ಗಿಸಿ ಗಾಡಿ ತಳ್ಳಿಕೊಂಡು ಹೋದಳು.

ಡಬ್ಬಿ ಹಿಡಿದ ಕೈ ಹಾಗೇ ನಿಂತಿತು. ಲುವೀನಿಯಾಳಿಗೆ ಆ ಕ್ಷಣ ಅಂಗಡಿಯ ದೀಪಗಳೆಲ್ಲ ಇನ್ನಷ್ಟು ಬೆಳಗಿದಂತಾಯಿತು. ಡಾಕ್ಟರ್ ಸ್ವೇನ್ ಎಂಬ ಅಧ್ಯಾಪಕಿ ತರಗತಿಯಲ್ಲಿ ಹೇಳಿದ್ದ ಪಾಠ ಈಗ ಹೊಸದಾಗಿ ಕೇಳಿಸಿತು: “ನಿಮ್ಮ ಹತ್ರ ನೆರವಿಗೆ ಬಂದೋರು ಹೊರಗಡೆ ಸಿಕ್ಕಿದ್ರೆ ನೀವಾಗಿ ಮಾತಾಡಿಸಬೇಡಿ. ಮೊದಲು ಮಾತಾಡಿಸೋ ಹಕ್ಕು ಅವರದು. ನೀವು ನಕ್ಕರೆ ಪಕ್ಕದಲ್ಲಿರೋರು ‘ಇವರು ಹೇಗೆ ಪರಿಚಯ?’ ಅಂತಾರೆ. ಅದಕ್ಕೆ ಉತ್ತರ ಹುಡುಕೋ ಸಂಕಟ ಯಾರಿಗೆ?” ಪರೀಕ್ಷೆಯಲ್ಲಿ ಇದನ್ನೇ ಬರೆದು ಅವಳು ಪೂರ್ತಿ ಅಂಕ ತೆಗೆದಿದ್ದಳು. ಬೇರೆಯವರಿಗೆ ಹೇಗೆ ನಡೆದುಕೊಳ್ಳಬೇಕೆಂದು ಓದಿದ್ದಳೇ ಹೊರತು, ತನ್ನ ಜೊತೆಗೂ ಒಬ್ಬರು ಹಾಗೆ ನಡೆದುಕೊಂಡಿರಬಹುದು ಎಂದು ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ಗ್ರಂಥದ ಮಾತು ಕಣ್ಣಿನಿಂದ ಎದೆಗೆ ಇಳಿಯಲು ಕೆಲವರಿಗೆ ಒಂದು ಆಯುಷ್ಯವೇ ಹಿಡಿಯುತ್ತದೆ. ಅವಳಿಗೆ ಒಂದು ಹಣ್ಣಿನ ಡಬ್ಬಿ ಸಾಕಾಯಿತು.

“ಸ್ವಾಮಿ,” ಎಂದಳು ಮೆಲ್ಲಗೆ, “ಅವರು ಮುಖ ತಿರುಗಿಸ್ತಿರ್ಲಿಲ್ಲ. ನನ್ನ ಮಾನ ಕಾಯ್ತಿದ್ರು.”

ಸೋಮವಾರ ನೇರ ಸಂಘದ ಕೋಣೆಗೆ ಹೋದಳು. ಡೇರಿಯಸ್ ಕಟಕಟೆಯ ಮೇಲೆ ಕಾಲಿಟ್ಟುಕೊಂಡು ಸಾಕ್ಷಿ ಹೇಳುವವರು ಹೇಗಿರಬೇಕೆಂದು ಕಿರಿಯರಿಗೆ ಪಾಠ ಮಾಡುತ್ತಿದ್ದ.

“ಡೇರಿಯಸ್, ಮಿಸ್ಟರ್ ಗೇದರ್ ಫೋನ್‌ನಲ್ಲಿ ಏನಂದ್ರು? ಇದ್ದದ್ದು ಇದ್ದ ಹಾಗೆ ಹೇಳು.”

“ಗೊತ್ತಿಲ್ಲ ಅಂದ್ರು ಅಂತ ಅವತ್ತೇ...”

“ಅವರ ಬಾಯಿಂದ ಬಂದ ಮಾತು ಬೇಕು. ನಿನ್ನ ಮಾತಲ್ಲ.”

ಹುಡುಗ ಕಾಲು ಕೆಳಗಿಟ್ಟ. ತಲೆ ಕೆರೆದುಕೊಂಡ. “ಮೊದಲು ನಾನಂದೆ, ‘ಸರ್, ಲುವೀನಿಯಾ ಪೆಟಿಗ್ರೂ ಅನ್ನೋರು ನಿಮಗೆ ಹೇಗೆ ಪರಿಚಯ?’ ಅದಕ್ಕೆ ಅವರು... ‘ಮಗಾ, ಆ ಹೆಸರಿನೋರು ನನಗೆ ಗೊತ್ತು ಅಂತಲೂ ಹೇಳಲಾರೆ, ಗೊತ್ತಿಲ್ಲ ಅಂತಲೂ ಹೇಳಲಾರೆ. ದೇವರು ನಿನಗೆ ಒಳ್ಳೇದು ಮಾಡ್ಲಿ’ ಅಂದು ಇಟ್ಬಿಟ್ರು. ಎರಡೂ ಒಂದೇ ಅಲ್ವಾ?”

ಜರಿಯಾ ಕೋಟುಗಳ ಮೂಟೆಯಿಂದ ಎದ್ದೇಬಿಟ್ಟಳು. “ಒಂದೇನಾ? ಅಯ್ಯೋ ಪತ್ತೇದಾರಪ್ಪ! ಅವರು ಗುಟ್ಟು ಕಾಯ್ತಿದ್ದಾರೆ ಕಣೋ! ನಮ್ಮಲ್ಲಿ ಯಾರನ್ನ ಕೇಳಿದ್ರೂ ಹಾಗೇ ಹೇಳೋದು. ಮೊದಲನೇ ವರ್ಷದ ಪಾಠ ಅದು!”

“ನಮ್ಮ ಕಡೆ ಹಾಗಂದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅರ್ಥ.”

“ಮುಚ್ಚಿಡ್ತಾನೇ ಇರೋದು! ಒಳ್ಳೇದನ್ನೂ ಮುಚ್ಚಿಡಬಹುದು. ಸಾಕ್ಷಿ ಹೇಳೋದು ಹೇಗೆ ಅಂತ ಬೇರೆ ಪಾಠ ಮಾಡ್ತಾನೆ, ನೋಡ್ರೋ!”

ಬೇಡಿ ಬಳಗ ಅಂದು ಪೂರ್ತಿ ಸೋತಿತು. ಡೇರಿಯಸ್ ಎದ್ದು ನಿಂತು, “ಕ್ಷಮಿಸಿ, ಮಿಸ್ ಲುವೀನಿಯಾ. ನಾನೇ ಹೋಗಿ ಅವರನ್ನ ಕರ್ಕೊಂಡು ಬರ್ಲಾ?” ಎಂದ.

“ಬೇಡ ಮಗು. ಈ ಸಲ ಹೋಗಬೇಕಾದವಳು ನಾನು. ಮೊದಲು ಮಾತಾಡಿಸೋ ಹಕ್ಕು ಇಷ್ಟು ವರ್ಷದಿಂದ ನನ್ನ ಹತ್ರಾನೇ ಇತ್ತು. ನನಗೆ ಗೊತ್ತಾಗ್ಲಿಲ್ಲ, ಅಷ್ಟೇ.”

ಗೇದರ್ ಮನೆಯ ಹಿತ್ತಿಲಲ್ಲಿ ಟೊಮೆಟೊ ಸಸಿಗಳಿಗೆ ಕೋಲು ಕಟ್ಟುತ್ತಿದ್ದ. ತಲೆ ಪೂರ್ತಿ ನೆರೆತಿತ್ತು. ಗೇಟು ಸದ್ದಾದಾಗ ತಿರುಗಿ ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದ. ಹಾಗೆಯೇ ನಿಂತ. ತುಟಿ ಅಲುಗಲಿಲ್ಲ.

“ಹೇಗಿದ್ದೀರಿ, ಮಿಸ್ಟರ್ ಗೇದರ್?” ಎಂದಳು. “ನಾನು ಲುವೀನಿಯಾ.”

ಒಡ್ಡಿನ ತೂಬು ತೆಗೆದಂತಾಯಿತು.

“ಮಿಸ್ ಲುವೀನಿಯಾ! ಬನ್ನಿ, ಬನ್ನಿ. ರೆನೆಟಾ ಇನ್ನೂ ಉಗುರು ಕಚ್ಚುತ್ತಾಳಾ? ಹುಡುಗ ಲಾರಿ ಓಡಿಸ್ತಾನೆ ಅಂತ ಯಾರೋ ಮಾತಾಡ್ತಿದ್ದದ್ದು ಕಿವಿಗೆ ಬಿತ್ತು, ಕೇಳೋ ಹಾಗಿರ್ಲಿಲ್ಲ. ಮೊಬೀಲ್ ಊರಿನ ಕಡೆಗಾ? ನಿಮ್ಮ ಬೆನ್ನು ನೋವು ಹೇಗಿದೆ?”

ಅವನು ಏನನ್ನೂ ಮರೆತಿರಲಿಲ್ಲ. ಕೇಳದೆ ಉಳಿಸಿಕೊಂಡ ಪ್ರಶ್ನೆಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದ. ಲುವೀನಿಯಾ ಮೆಟ್ಟಿಲ ಮೇಲೆ ಕೂತು ಸೆರಗಿಲ್ಲದ ಹೆಂಗಸರು ಮಾಡುವಂತೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯಲ್ಲಿ ಆದದ್ದನ್ನು ಹೇಳಿದಳು. ಇಷ್ಟು ವರ್ಷ ತಾನು ಏನೆಂದುಕೊಂಡಿದ್ದಳು ಎಂಬುದನ್ನೂ ಹೇಳಿದಳು.

ಗೇದರ್ ಬಂದು ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ.

“ನಾನು ನಿಮಗೆ ಹೇಳಿದ್ದೆ, ಮಿಸ್ ಲುವೀನಿಯಾ. ಮೊದಲನೇ ದಿನಾನೇ. ‘ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ, ನೀವು ಮಾತಾಡಿಸಿದ್ರೆ ಖಂಡಿತ ಮಾತಾಡ್ತೀನಿ’ ಅಂತ. ಎಲ್ಲರಿಗೂ ಹೇಳ್ತಿದ್ದೆ.”

“ಮೊದಲನೇ ದಿನ ಮಕ್ಕಳು ಅಳ್ತಿದ್ವು.”

“ಹೌದು,” ಎಂದ ಅವನು. “ಮಕ್ಕಳು ಅಳೋವಾಗ ಯಾವ ತಾಯಿಗೆ ಏನು ಕೇಳಿಸೀತು? ಆ ಮಾತನ್ನ ಕೊನೇ ದಿನಾನೂ ಹೇಳಬೇಕಾಗಿತ್ತು ನಾನು.”

ಅಷ್ಟರಲ್ಲಿ ಅವನ ಹೆಂಡತಿ ಅರ್ನೆಸ್ಟೀನ್ ಸಿಹಿ ಚಹಾದ ಲೋಟಗಳನ್ನು ಹಿಡಿದು ಬಂದಳು. ಬಾಗಿಲ ಮರೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ.

“ಹಾಗಾದ್ರೆ ಪೀಚ್ ಡಬ್ಬಿಗಳು ಇವರದಾ!” ಎಂದಳು. “ನೋಡಮ್ಮ, ಈ ಮನುಷ್ಯನಿಗೆ ಪೀಚ್ ಅಂದ್ರೆ ಆಗಲ್ಲ. ಬ್ರೆಡ್ ತಾರಯ್ಯ ಅಂದ್ರೆ ಪೀಚ್ ತರೋದು. ಯಾಕೆ ಅಂದ್ರೆ ಬಾಯಿ ಬಿಡಲ್ಲ. ನಮ್ಮ ಅಟ್ಟ ತುಂಬ ಪೀಚ್!”

“ಅಷ್ಟು ಹೊತ್ತು ಓದಿ ವಾಪಸ್ ಇಟ್ರೆ ಅಂಗಡಿಯವನು ಏನಂದ್ಕೊಳ್ಳೋದಿಲ್ಲ?” ಎಂದ ಗೇದರ್ ಸಂಕೋಚದಿಂದ.

ಮೂವರೂ ನಕ್ಕ ಸದ್ದಿಗೆ ಬೇಲಿಯ ಮೇಲಿದ್ದ ಹಕ್ಕಿ ಹಾರಿಹೋಯಿತು. ನಗು ಇಳಿದ ಮೇಲೆ ಲುವೀನಿಯಾ ಬಂದ ಕಾರಣ ಹೇಳಿದಳು. ಬೆಳಕು ಕೊಡಲು ಬರಬೇಕು.

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ನಾನು ಅಲ್ಲಿ ನಿಂತರೆ, ನಿಮ್ಮ ಮನೆಗೆ ನಾನು ಯಾವ ಕೆಲಸಕ್ಕೆ ಬರ್ತಿದ್ದೆ ಅಂತ ಊರಿಗೆ ಗೊತ್ತಾಗುತ್ತೆ.”

“ನಾನೇ ಹೇಳ್ತೀನಿ. ನನಗೀಗ ನಾಚಿಕೆ ಇಲ್ಲ.”

“ನಿಮಗಿಲ್ಲ, ಸರಿ. ಮಕ್ಕಳನ್ನ ಕೇಳಿದ್ರಾ? ಆ ಕಥೆ ನಿಮ್ಮೊಬ್ರದೇ ಅಲ್ಲ. ಅವರು ಬೇಡ ಅಂದ್ರೆ ನಾನು ಹಿಂದಿನ ಸಾಲಲ್ಲಿ ಕೂತು ನೋಡ್ತೀನಿ. ಅಷ್ಟೇ ಸಾಕು ನನಗೆ.”

ಮಗ ಫೋನಿನಲ್ಲೇ, “ಹೇಳಮ್ಮ, ಧೈರ್ಯವಾಗಿ ಹೇಳು. ಲಾರಿ ನಿಲ್ಲಿಸಿ ಚಪ್ಪಾಳೆ ತಟ್ತೀನಿ,” ಎಂದುಬಿಟ್ಟ. ರೆನೆಟಾ ಮಾತ್ರ ಅಮ್ಮನ ಮಾತು ಕೇಳಿ ಎದ್ದು ಒಳಗೆ ಹೋದಳು. ಲುವೀನಿಯಾ ಕಾದಳು. ಒತ್ತಾಯಿಸಬಾರದೆಂದು ಅವಳು ಕಲಿತದ್ದು ಪುಸ್ತಕದಿಂದಲ್ಲ. ತನ್ನ ಬೈಗುಳ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತು ಕಾದ ಮನುಷ್ಯನಿಂದ.

ಸ್ವಲ್ಪ ಹೊತ್ತಿಗೆ ರೆನೆಟಾ ಬಾಚಣಿಗೆ ಹಿಡಿದು ಬಂದು, ಚಿಕ್ಕವಳಿದ್ದಾಗ ಕೂರುತ್ತಿದ್ದಂತೆ ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು.

“ಅವತ್ತು ನೀನು ನನ್ನ ಅರ್ಧ ತಲೆಗೆ ಜಡೆ ಹಾಕಿದ್ದೆ, ನೆನಪಿದೆಯಾ?”

“ಬಾಚ್ತಾ ಕೂತಿದ್ದೆ ಅಂತ ಮಾತ್ರ ನೆನಪು.”

“ಒಂದು ಕಡೆ ನೀಟಾಗಿ ಜಡೆ, ಇನ್ನೊಂದು ಕಡೆ ಹುಲ್ಲಿನ ಮೆದೆ. ಕಾರಲ್ಲಿ ಅದಕ್ಕೇ ಅಳ್ತಿದ್ದೆ ನಾನು. ಹೊಸ ಮನೆಯೋರು ನಗ್ತಾರೆ ಅಂತ. ಮಿಸ್ಟರ್ ಗೇದರ್ ದಾರೀಲಿ ಕಾರು ನಿಲ್ಲಿಸಿದ್ರು. ‘ನನಗೆ ಬರಲ್ಲ ಮಗಳೇ, ಆದ್ರೆ ನೀನು ಹೇಳ್ಕೊಟ್ರೆ ಕಲೀತೀನಿ’ ಅಂದ್ರು. ಆ ದೊಡ್ಡ ದೊಡ್ಡ ಬೆರಳಲ್ಲಿ... ಎಂಥಾ ಸೊಟ್ಟ ಜಡೆಗಳಮ್ಮ! ಕನ್ನಡಿ ನೋಡಿ ಇನ್ನೂ ಜೋರಾಗಿ ಅತ್ತೆ.” ರೆನೆಟಾ ನಗುತ್ತಿದ್ದಳು, ನಗುತ್ತಲೇ ಕಣ್ಣು ತುಂಬಿಕೊಂಡಿದ್ದಳು. “ಆದ್ರೆ ಬಿಚ್ಚೋಕೆ ಬಿಡ್ಲಿಲ್ಲ. ಅವು ತಾವಾಗೇ ಬಿಚ್ಚಿಹೋಗೋವರೆಗೂ ಹಾಗೇ ಇಟ್ಕೊಂಡಿದ್ದೆ.”

“ಇಷ್ಟು ವರ್ಷ ನನಗೆ ಹೇಳ್ಲಿಲ್ವಲ್ಲೇ.”

“ನಿನಗೆ ನೋವಾಗುತ್ತೆ ಅಂತ.” ಬಾಚಣಿಗೆಯನ್ನು ಅಮ್ಮನ ಕೈಗಿತ್ತಳು. “ಬರ್ಲಿ ಅವರು. ಊರಿಗೆ ಗೊತ್ತಾದ್ರೆ ಆಗ್ಲಿ. ಈಗ ಸರಿಯಾಗಿ ಜಡೆ ಹಾಕು. ಅವರು ನೋಡಿ ಕಲೀಲಿ.”

ಆ ಸಂಜೆ ಸಭಾಂಗಣದ ದೀಪಗಳನ್ನು ಆರಿಸಿದ್ದರು. ಒಬ್ಬೊಬ್ಬರಾಗಿ ಹೆಸರು ಕರೆಯುತ್ತಿದ್ದವನು ಡೇರಿಯಸ್. “ಬೆಳಕು ಕೊಡುವವರು, ಅವಳ ತಾಯಿ.” “ಬೆಳಕು ಕೊಡುವವರು, ಅವನ ಅಜ್ಜಿ.” ಒಂದೊಂದೇ ಬತ್ತಿ ಹೊತ್ತುತ್ತ ಸಾಲು ಬೆಳಗುತ್ತ ಬಂತು. ಮುಂದಿನ ಸಾಲಿನ ಕರವಸ್ತ್ರಗಳೆಲ್ಲ ಆಗಲೇ ಒದ್ದೆ.

“ಲುವೀನಿಯಾ ಪೆಟಿಗ್ರೂ,” ಎಂದ ಡೇರಿಯಸ್. “ಬೆಳಕು ಕೊಡುವವರು, ರಾಸ್ಕೋ ಗೇದರ್.” ಅಲ್ಲಿಗೆ ನಿಲ್ಲಿಸಿದ. ಅವಳಿಗೆ ಅವರು ಏನಾಗಬೇಕೆಂದು ಹೇಳಲಿಲ್ಲ. ಆ ಹುಡುಗ ಬದುಕಿನಲ್ಲಿ ಮೊದಲ ಬಾರಿಗೆ ತನಗೆ ಗೊತ್ತಿದ್ದನ್ನು ಹೇಳದೆ ಬಿಟ್ಟಿದ್ದ.

ಗೇದರ್ ಹೊತ್ತಿದ ಕಡ್ಡಿಯನ್ನು ಕೈಯಿಂದ ಮರೆಮಾಡಿಕೊಂಡು ನಡೆದು ಬಂದು ಅವಳೆದುರು ನಿಂತ. ಅವನು ಮಾತಾಡಲಿಲ್ಲ, ನಗಲಿಲ್ಲ. ಅಪರಿಚಿತನಂತೆ ಸುಮ್ಮನೆ ನಿಂತ. ಕೊನೆಯ ಗಳಿಗೆಯಲ್ಲೂ ಹಿಂದೆ ಸರಿಯುವ ದಾರಿಯನ್ನು ಅವನು ಅವಳಿಗಾಗಿ ತೆರೆದೇ ಇಟ್ಟಿದ್ದಾನೆಂದು ಲುವೀನಿಯಾಳಿಗೆ ಅರ್ಥವಾಯಿತು. ಅವಳು ಬಯಸಿದರೆ, ಇವರು ನಮ್ಮ ಚರ್ಚಿನ ಹಿರಿಯರು ಎಂದು ಹೇಳಿ ಈಗಲೂ ಮುಗಿಸಬಹುದಿತ್ತು.

ಊರೆಲ್ಲ ಕೇಳುವಂತೆ ಅವಳು ಹೇಳಿದಳು: “ಹೇಗಿದ್ದೀರಿ, ಮಿಸ್ಟರ್ ಗೇದರ್?”

“ಚೆನ್ನಾಗಿದ್ದೀನಿ, ಮಿಸ್ ಲುವೀನಿಯಾ,” ಎಂದ ಅವನು. “ನೀವು, ಮಕ್ಕಳು, ಎಲ್ಲ ಚೆನ್ನಾಗಿದ್ದೀರಾ?”

“ನಿಮ್ಮಿಂದ ಚೆನ್ನಾಗಿದ್ದೀವಿ.”

ಬತ್ತಿ ಹೊತ್ತಿತು. ಅವನು ಹುರಿಯನ್ನು ಕೊರಳಿಗೆ ಹಾಕಿದ ಮೇಲೆ ಅವಳು ಸಭೆಗೆ ತಿರುಗಿ ತನ್ನ ಒಂದು ಮಾತು ಹೇಳಿದಳು:

“ನಾನು ತಾಯಿಯಾಗಿ ಉಳಿಯಲಾರದ ದಿನ ಇವರು ನನ್ನ ಮಕ್ಕಳನ್ನ ನನ್ನಿಂದ ಕರ್ಕೊಂಡು ಹೋದ್ರು, ನಾನು ಮತ್ತೆ ತಾಯಿಯಾದ ದಿನ ವಾಪಸ್ ತಂದುಕೊಟ್ರು, ಆಮೇಲೆ ನನ್ನ ಮಾನ ಉಳೀಲಿ ಅಂತ ನನ್ನ ಪರಿಚಯವೇ ಇಲ್ಲದೋರ ಹಾಗೆ ಬದುಕಿದ್ರು.”

ಹಿಂದಿನಿಂದ ಒಬ್ಬ ಮುದುಕಿ “ಸ್ತೋತ್ರ, ಸ್ವಾಮಿ” ಎಂದಳು. ಆಮೇಲೆ ಇನ್ನೊಬ್ಬರು ಹಾಗೇ ಎಂದರು. ಮೂರನೆಯ ಸಾಲಿನಲ್ಲಿ ರೆನೆಟಾ ಎದ್ದು ನಿಂತಳು. ಹೊಸ ಜಡೆಗಳ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ಗೇದರ್‌ಗೆ ತೋರಿಸಿದಳು. ಆ ಎತ್ತರದ ಮನುಷ್ಯ ಟೋಪಿಯಿಂದ ಮುಖ ಮುಚ್ಚಿಕೊಂಡ.

ಊಟಕ್ಕೆ ಎರಡೂ ಸಂಘದವರು ಮನೆಮನೆಯಿಂದ ತಂದದ್ದನ್ನೆಲ್ಲ ಆ ವ್ಯಾಜ್ಯದ ಮೇಜಿನ ಮೇಲೇ ಹರಡಿದ್ದರು. ಅರ್ನೆಸ್ಟೀನ್ ಅಟ್ಟದ ಡಬ್ಬಿಗಳನ್ನೆಲ್ಲ ಇಳಿಸಿ ಬಿಸಿ ಬಿಸಿ ಪೀಚ್ ಸಿಹಿಯನ್ನು ದೊಡ್ಡ ತಟ್ಟೆಗಳಲ್ಲಿ ಬೇಯಿಸಿ ತಂದಿದ್ದಳು. ಗೇದರ್ ತನ್ನ ಪಾಲಿನ ಮುಂದೆ ತಲೆ ಬಾಗಿಸಿ, ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಪ್ರಾರ್ಥನೆ ಮಾಡಿ, ಒಂದು ಹೋಳೂ ಬಿಡದೆ ತಿಂದ.

ಲುವೀನಿಯಾ ಮರುದಿನ ಕೇಂದ್ರದಲ್ಲಿ ಜಲೀಸಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೊರಗೆ ಸಿಕ್ಕರೆ ಮೊದಲು ಮಾತನಾಡಿಸುವ ಹಕ್ಕು ನಿನ್ನದು ಎಂಬ ಆ ಮಾತು ಹೇಳಿದಳು. ಮಗು ಅಳುತ್ತಿರಲಿಲ್ಲ, ಅದನ್ನು ನೋಡಿಕೊಂಡೇ ಹೇಳಿದ್ದಳು. ಆದರೂ ಕೇಳಿಸಿತೋ ಇಲ್ಲವೋ ಎಂದು ಹೋಗುವಾಗ ಇನ್ನೊಮ್ಮೆ ಹೇಳಿದಳು.

ಅದಾಗಿ ಕೆಲವು ದಿನಗಳ ಮೇಲೆ ಅದೇ ಅಂಗಡಿಯಲ್ಲಿ, ಅದೇ ಸಾಲಿನಲ್ಲಿ, ದೂರದಿಂದ ಆ ಗಾಡಿ, ಆ ಮಗು, ಆ ಬಿಗಿದ ಮುಖದ ಹೆಂಗಸು ಬರುವುದು ಕಂಡಿತು. ಲುವೀನಿಯಾ ಹಲಗೆಗೆ ತಿರುಗಿದಳು. ಡಬ್ಬಿ ಎತ್ತಿಕೊಂಡಳು. ಗಾಡಿಯ ಚಕ್ರದ ಸದ್ದು ಹತ್ತಿರ ಬಂತು, ಸ್ವಲ್ಪ ನಿಧಾನವಾಯಿತು, ದಾಟಿ ಹೋಯಿತು. ಅವಳು ಓದುತ್ತಲೇ ಇದ್ದಳು. ಹೋಗಲಿ, ಅದು ಆ ಹುಡುಗಿಯ ಹಕ್ಕು.

ಚಕ್ರದ ಸದ್ದು ನಿಂತಿತು.

“ಮಿಸ್ ಲುವೀನಿಯಾ!” ಎಂದು ಅಂಗಡಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಜಲೀಸಾ ಕೂಗಿದಳು. “ಅತ್ತೆ, ನಾನು ಹೇಳ್ತಿದ್ನಲ್ಲ, ಅವರೇ ಇವರು!”

ಲುವೀನಿಯಾ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ತಿರುಗಿದಳು.